ಇಫುಗಾವೊ ಗದ್ದೆಗಳಿಗೆ 2000 ವರ್ಷವಂತೆ, ಹೌದಾ ಸರ್?

ಪ್ರಶ್ನೆ: ಫಿಲಿಪೈನ್ಸ್‌ನ ಇಫುಗಾವೊ ಮೆಟ್ಟಿಲು ಗದ್ದೆಗಳು 2000 ವರ್ಷ ಹಳೆಯವು ಅಂತ ಎಲ್ಲ ಕಡೆ ಬರೆದಿದ್ದಾರೆ. ನೀವು ಮಾತ್ರ ಅಲ್ಲ ಅನ್ನುತ್ತೀರಿ. ಯಾವುದನ್ನು ನಂಬುವುದು?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಪ್ರತಿ ಸಲ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಮುಂದಿನ ವಾರ ಇನ್ನೊಬ್ಬರು ಅದನ್ನೇ ಕೇಳುತ್ತಿದ್ದರು. ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಮುಂದೆ ಹಿಡಿಯಿರಿ.

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ಲುಝಾನ್ ದ್ವೀಪದ ಉತ್ತರ ಭಾಗದಲ್ಲಿ ಕೊರ್ಡಿಯೆರಾ ಅಂತ ಬೆಟ್ಟಸಾಲು. ಅಬ್ರಾ, ಅಪಾಯಾವೊ, ಬೆಂಗೆಟ್, ಇಫುಗಾವೊ, ಕಲಿಂಗಾ, ಮೌಂಟೇನ್ ಪ್ರಾವಿನ್ಸ್ ಎಂಬ ಆರು ಪ್ರಾಂತ್ಯಗಳು, ಜೊತೆಗೆ ಬಾಗಿಯೊ ನಗರ. ಇವನ್ನೆಲ್ಲ ಸೇರಿಸಿ 1987ರಲ್ಲಿ ಒಂದು ಆಡಳಿತ ವಲಯ ಮಾಡಿದರು. 2020ರ ಎಣಿಕೆಯಲ್ಲಿ ಸುಮಾರು 18 ಲಕ್ಷ ಜನ. 7,600ಕ್ಕೂ ಜಾಸ್ತಿ ದ್ವೀಪಗಳಿರುವ ದೇಶದಲ್ಲಿ ಸಮುದ್ರ ತೀರವೇ ಇಲ್ಲದ ವಲಯ ಇದೊಂದೇ. ಇಲ್ಲಿಯ ಪುಲಾಗ್ ಶಿಖರ 2,900 ಮೀಟರ್ ದಾಟುತ್ತದೆ, ಲುಝಾನ್‌ನಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಇಲ್ಲಿನವರನ್ನೆಲ್ಲ ಒಟ್ಟಾಗಿ 'ಇಗೊರೊಟ್' ಅನ್ನುತ್ತಾರೆ. ನಮ್ಮ ಕರಾವಳಿಯವರು ಮೇಲಿನವರನ್ನೆಲ್ಲ 'ಘಟ್ಟದವರು' ಅನ್ನುವ ಹಾಗೆ. ಒಳಗೆ ಹೋದರೆ ಇಬಲೊಯ್, ಕಂಕನಾಯ್, ಬೊಂಟೊಕ್, ಕಲಿಂಗಾ, ಇಫುಗಾವೊ ಅಂತ ಬೇರೆ ಬೇರೆ ಜನ, ಬೇರೆ ಬೇರೆ ನುಡಿ. ಎಲ್ಲರನ್ನೂ ಒಂದೇ ಹೆಸರಿನಿಂದ ಕರೆದರೆ ಕೆಲವರಿಗೆ ಕಿರಿಕಿರಿ ಆಗುತ್ತದೆ.

ಈಗ ಆ 2000ದ ವಿಷಯ.

ಈ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ. ಹೆನ್ರಿ ಓಟ್ಲಿ ಬೇಯರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1905ರಲ್ಲಿ ಫಿಲಿಪೈನ್ಸ್‌ಗೆ ಬಂದ. ಇಫುಗಾವೊ ಪ್ರಾಂತ್ಯದ ಬನಾವೆಯಲ್ಲಿ ಮೇಷ್ಟ್ರಾಗಿದ್ದ, ಇಫುಗಾವೊ ಹೆಣ್ಣನ್ನೇ ಮದುವೆಯಾದ, ಮುಂದೆ ಫಿಲಿಪೈನ್ಸ್ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹೆಸರು ಮಾಡಿದ. ಆ ಗದ್ದೆಗಳನ್ನು ನೋಡಿ ಅವನು ದಂಗಾದ. ದಂಗಾಗುವಂಥವೇ ಬಿಡಿ. ಇಳಿಜಾರಿನ ಬುಡದಿಂದ ನೆತ್ತಿಯವರೆಗೆ ಕಲ್ಲು ಮಣ್ಣಿನ ಗೋಡೆ, ಗೋಡೆಯ ಮೇಲೆ ಗದ್ದೆ, ಅದರ ಮೇಲೆ ಮತ್ತೆ ಗೋಡೆ. ಇಷ್ಟು ಮೈಲಿ ಗೋಡೆಯನ್ನು ಕೈಯಿಂದ ಕಟ್ಟಲು ಎಷ್ಟು ಕಾಲ ಬೇಕಾದೀತು ಅಂತ ಅಂದಾಜು ಹಾಕಿದ. ಎರಡು ಮೂರು ಸಾವಿರ ವರ್ಷ ಅಂದ. ಅಷ್ಟೇ! ಅಗೆದು ನೋಡಿ ಹೇಳಿದ್ದಲ್ಲ. ಒಂದು ಕಾಲಮಾಪನವೂ ಇಲ್ಲ.

ಇದರಲ್ಲಿ ತಪ್ಪೇನು ಅಂತ ಕೇಳುವವರಿದ್ದಾರೆ. ಊರಲ್ಲಿ ಒಂದು ದೊಡ್ಡ ತೊಟ್ಟಿಮನೆ ಇದೆ ಅಂದುಕೊಳ್ಳಿ. ಒಬ್ಬ ಗಾರೆಯವನು ಇದನ್ನು ಕಟ್ಟಲು 40 ವರ್ಷ ಬೇಕು, ಆದ್ದರಿಂದ ಮನೆಗೆ 40 ವರ್ಷ ಅಂತ ಯಾರಾದರೂ ಅಂದರೆ ನೀವು ನಗುತ್ತೀರಿ. ಗಾರೆಯವರು 20 ಜನ ಇದ್ದರೆ? ಅರ್ಧ ಕಟ್ಟಿ ನಿಲ್ಲಿಸಿ, ಮೊಮ್ಮಗನ ಕಾಲದಲ್ಲಿ ಮತ್ತೆ ಶುರು ಮಾಡಿದ್ದರೆ? ಬೇಯರ್ ಮಾಡಿದ್ದು ಇಂಥದೇ ಲೆಕ್ಕ. ಎಷ್ಟು ಜನ, ಎಷ್ಟು ವೇಗ ಅನ್ನೋದು ಊಹೆ. ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಅನುಮಾನ ಬಂದದ್ದೂ ಇವತ್ತು ನಿನ್ನೆಯಲ್ಲ. ಫೆಲಿಕ್ಸ್ ಕೀಸಿಂಗ್ ಅವರ ಅಧ್ಯಯನ 1962ರಲ್ಲೇ ಅಚ್ಚಾಯಿತು. ಸ್ಪೇನಿನವರ ಹಳೆಯ ಕಾಗದಪತ್ರ ಜಾಲಾಡಿ ಅವರು ಹೇಳಿದ್ದು ಇದು: ಬಯಲಿನ ಜನ ಸ್ಪೇನಿನವರ ಒತ್ತಡಕ್ಕೆ ಬೆಟ್ಟ ಹತ್ತಿದ ಮೇಲೆ ಈ ಗದ್ದೆಗಳು ಬಂದಿರಬೇಕು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. 2000 ಅನ್ನೋದು ಆ ಹೊತ್ತಿಗೆ ಪಠ್ಯಪುಸ್ತಕ ಸೇರಿಬಿಟ್ಟಿತ್ತು.

ಮಣ್ಣನ್ನೇ ಕೇಳಿದವರು ಸ್ಟೀಫನ್ ಅಕಬಾಡೊ. ಫಿಲಿಪೈನ್ಸ್‌ನವರೇ ಆದ ಪುರಾತತ್ವಜ್ಞ. ಗೋಡೆಯ ವಯಸ್ಸು ಕಂಡುಹಿಡಿಯುವುದರಲ್ಲಿ ಒಂದು ತೊಡಕಿದೆ. ಇದ್ದಿಲಿನ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ಪರೀಕ್ಷೆಯಲ್ಲಿ ಗೋಡೆಯೊಳಗಿನ ಚೂರು 1500 ವರ್ಷ ಹಳೆಯದು ಅಂತ ಬಂದರೆ ಗೋಡೆ ಅಷ್ಟು ಹಳೆಯದು ಅಂತ ಆಗುವುದಿಲ್ಲ. ಗೋಡೆಗೆ ತುಂಬಿದ ಮಣ್ಣಿನಲ್ಲೇ ಆ ಇದ್ದಿಲು ಮೊದಲಿಂದ ಇದ್ದಿರಬಹುದು. ಹಳೆ ಹಂಚು ಹಾಕಿ ಹೊಸ ಕೊಟ್ಟಿಗೆ ಕಟ್ಟಿದ ಹಾಗೆ. ಅದಕ್ಕೇ ಅಕಬಾಡೊ ಗೋಡೆಯ ಅಡಿ, ಗೋಡೆಯ ಒಳಗೆ, ಗೋಡೆಯ ಮೇಲಿನ ಪದರ, ಹೀಗೆ ಬೇರೆ ಬೇರೆ ಕಡೆಯ ಇದ್ದಿಲು ತೆಗೆದರು. ಯಾವುದು ಯಾವುದಕ್ಕಿಂತ ಮೊದಲು ಅನ್ನುವ ಕ್ರಮವನ್ನೂ ಲೆಕ್ಕಕ್ಕೆ ಸೇರಿಸಿದರು. ಬನಾವೆ ಕಡೆಯ ಗದ್ದೆಗಳ ಈ ಫಲಿತಾಂಶ 2009ರಲ್ಲಿ ಹೊರಬಂತು. ಅದು ತೋರಿಸಿದ್ದು ಸ್ಪೇನಿನವರು ಬಂದ ಮೇಲಿನ ಕಾಲವನ್ನು, ಅಂದರೆ ಸುಮಾರು 400 ವರ್ಷದ ಈಚೆಗೆ.

ಆಮೇಲೆ ಕಿಯಾಂಗನ್ ಹತ್ತಿರದ ಹಳೆ ಊರನ್ನು ಅಗೆದರು. ಇಫುಗಾವೊಗಳು ತಮ್ಮ ಮೊದಲ ಊರು ಅಂತ ಹೇಳಿಕೊಳ್ಳುವ ಜಾಗ ಅದು. (ಇದೇ ಕಿಯಾಂಗನ್‌ನಲ್ಲಿ 1945ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಜನರಲ್ ಯಮಾಶಿತಾ ಶರಣಾದದ್ದು.) ಅಲ್ಲಿ ಜನ ಸಾವಿರ ವರ್ಷದ ಹಿಂದೆಯೇ ಇದ್ದರು. ಹಾಗಾದರೆ ಬೇಯರ್ ಹೇಳಿದ್ದು ಸರಿ ಆಯ್ತಲ್ಲ ಅಂತ ಕೈ ಎತ್ತಬೇಡಿ, ತಾಳಿ. ಜನ ಇದ್ದರು, ಭತ್ತ ಇರಲಿಲ್ಲ. ಹಳೆಯ ಪದರದಲ್ಲಿ ಸಿಕ್ಕಿದ್ದು ಕೆಸುವಿನ ಗುರುತು. ಭತ್ತದ ಗುರುತು ಕಾಣಿಸುವುದು ಮೇಲಿನ, ಈಚಿನ ಪದರದಲ್ಲಿ. ಕೆಸು ಅಂದರೆ ಬೇರೆ ಏನೋ ಅಲ್ಲ, ನಾವು ಪತ್ರೊಡೆ ಮಾಡುವ ಅದೇ ಕೆಸು. ಅವರು ಎಲೆಗಿಂತ ಗೆಡ್ಡೆಗೆ ಜಾಸ್ತಿ ಬೆಲೆ ಕೊಟ್ಟರು, ಅಷ್ಟೆ. ಕೆಸುವಿಗೂ ನೀರು ನಿಲ್ಲುವ ಜಾಗ ಬೇಕು. ಹಾಗಾಗಿ ಅಲ್ಲೊಂದು ಇಲ್ಲೊಂದು ಸಣ್ಣ ಮಡಿ ಮೊದಲೇ ಇದ್ದಿರಬಹುದು. ಆದರೆ ಬೆಟ್ಟಕ್ಕೆ ಬೆಟ್ಟವನ್ನೇ ಕಡಿದು ಭತ್ತದ ಗದ್ದೆ ಮಾಡಿದ್ದು ಆಮೇಲಿನ ಕತೆ.

ಯಾಕೆ ಮಾಡಿದರು? 1571ರಲ್ಲಿ ಸ್ಪೇನಿನವರು ಮನಿಲಾ ಹಿಡಿದರು. ಮರುವರ್ಷವೇ ಅವರ ದಂಡು ಉತ್ತರದ ಇಲೊಕೊಸ್ ತೀರ ಮುಟ್ಟಿತು. ಇಗೊರೊಟ್ ಬೆಟ್ಟದ ಚಿನ್ನದ ಮೇಲೂ ಅವರ ಕಣ್ಣು ಬಿದ್ದಿತ್ತು. ಚದುರಿ ಬದುಕುತ್ತಿದ್ದ ಬಯಲಿನ ಜನರನ್ನು ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರಕ್ಕೆ ತಂದು ಕೂಡಿಸುವುದು, ಕಂದಾಯ ಕೀಳುವುದು, ಬಿಟ್ಟಿ ದುಡಿಸುವುದು ಅವರ ಕ್ರಮ. ಒಲ್ಲೆ ಅಂದವರಿಗೆ ಇದ್ದದ್ದು ಬೆಟ್ಟ. ಬೆಟ್ಟದಲ್ಲಿ ಜನ ಹೆಚ್ಚಾದರು, ಭತ್ತ ಬಂತು, ಗೋಡೆ ಎದ್ದಿತು. ನೀರು ಹಂಚಲು, ಗೋಡೆ ಎತ್ತಲು ಒಗ್ಗಟ್ಟು ಬೇಕಲ್ವಾ? ಆ ಒಗ್ಗಟ್ಟೇ ಸ್ಪೇನಿನವರನ್ನು ತಡೆಯಲೂ ಒದಗಿತು ಅನ್ನುವುದು ಅಕಬಾಡೊ ವಾದ. ಮುನ್ನೂರು ವರ್ಷ ಹೆಣಗಿದರೂ ಸ್ಪೇನಿಗೆ ಈ ಬೆಟ್ಟಗಳು ಪೂರ್ತಿ ಕೈಗೆ ಸಿಗಲಿಲ್ಲ. ಹಾಗಂತ ಇವರು ಲೋಕ ಬಿಟ್ಟು ಮೂಲೆಯಲ್ಲಿ ಕೂತವರೂ ಅಲ್ಲ. ಅಗೆದಾಗ ಚೀನಾದ ಪಿಂಗಾಣಿ, ಹೊರಗಿನ ಮಣಿಗಳು ಸಿಕ್ಕಿವೆ. ವ್ಯಾಪಾರ ನಡೆದೇ ಇತ್ತು.

ಇನ್ನೂ ಮನಸ್ಸಿಗೆ ಹತ್ತದಿದ್ದರೆ ಒಂದು ಹೋಲಿಕೆ. ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿಸಿದ್ದು 1537ರಲ್ಲಿ. ಇಫುಗಾವೊ ಭತ್ತದ ಗದ್ದೆಗಳಲ್ಲಿ ಬಹುಪಾಲು ವಯಸ್ಸಿನಲ್ಲಿ ನಮ್ಮ ಬೆಂಗಳೂರಿಗಿಂತ ಚಿಕ್ಕವು.

ಇಷ್ಟಾದರೂ 2000 ಸಾಯುವುದಿಲ್ಲ. ಯುನೆಸ್ಕೊದ ವಿವರಣೆಯಲ್ಲೂ ಅದೇ ಇದೆ. ಪ್ರವಾಸಿ ಕರಪತ್ರದಲ್ಲಿ ಇದೆ, 'ಎಂಟನೇ ಅದ್ಭುತ' ಅನ್ನುವ ಬಿರುದಿನ ಪಕ್ಕದಲ್ಲೇ. ಹಳೆಯದು ಅಂದರೆ ದೊಡ್ಡದು ಅನ್ನುವ ಚಟ ನಮಗೂ ಇದೆ, ಎಲ್ಲ ಊರಿನ ದೇವಸ್ಥಾನವೂ ಸಾವಿರ ವರ್ಷದ್ದೇ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. 2000 ವರ್ಷದಿಂದ ಹೀಗೇ ಇದ್ದಾರೆ ಅಂದರೆ ಅವರು ಏನೂ ಮಾಡದೆ ಸುಮ್ನೆ ಕೂತಿದ್ದರು ಅಂದ ಹಾಗಾಯಿತು. ನಾನೂರೇ ವರ್ಷದಲ್ಲಿ, ಬೆನ್ನಟ್ಟಿ ಬಂದ ಒಂದು ಸಾಮ್ರಾಜ್ಯವನ್ನು ತಡೆಯುತ್ತಲೇ ಇಷ್ಟು ಕಟ್ಟಿದರು ಅನ್ನುವುದು ಕಡಿಮೆ ಮಾತಾ?

ಇದರ ಜೊತೆಗೇ ಬರುವ ಇನ್ನೊಂದು ತಪ್ಪನ್ನು ಬೇಗ ಮುಗಿಸುತ್ತೇನೆ. ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುವ ಬನಾವೆ ಪೇಟೆಯ ಪಕ್ಕದ ಗದ್ದೆಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇಲ್ಲ. 1995ರಲ್ಲಿ ಸೇರಿದ್ದು ಬಟಾಡ್, ಬಂಗಾನ್, ಮಯೊಯಾವೊ, ಹುಂಗ್‌ಡುವಾನ್, ನಗಕಡನ್. 2001ರಿಂದ 2012ರವರೆಗೆ ಅವು ಅಪಾಯದ ಪಟ್ಟಿಯಲ್ಲೂ ಇದ್ದವು.

ಗದ್ದೆಗಳ ನೆತ್ತಿಯಲ್ಲಿ ಕಾಡು ಇರುತ್ತದೆ. ಅದಕ್ಕೆ 'ಮುಯೊಂಗ್' ಅನ್ನುತ್ತಾರೆ. ಒಂದೊಂದು ಮನೆತನಕ್ಕೆ ಒಂದೊಂದು. ಶಿರಸಿ, ಸಿದ್ದಾಪುರದ ಕಡೆಯವರು 'ನಮ್ಮ ಸೊಪ್ಪಿನಬೆಟ್ಟದ ಹಾಗೆ' ಅಂತ ತಕ್ಷಣ ಹಿಡಿದುಬಿಡುತ್ತೀರಿ. ಸೌದೆ, ಮರ ಅಲ್ಲಿಂದ. ಅದಕ್ಕಿಂತ ಮುಖ್ಯವಾಗಿ ನೀರು ಅಲ್ಲಿಂದ. ಮೇಲಿನ ಕಾಡು ಹೋದರೆ ಕೆಳಗಿನ ಗದ್ದೆ ಒಣಗುತ್ತದೆ. ಕೆಲಸಕ್ಕೆ ನಮ್ಮ ಮುಯ್ಯಾಳಿನ ಹಾಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೊಯ್ಲಿನಲ್ಲಿ ಹೆಂಗಸರು 'ಹುಡ್‌ಹುಡ್' ಹಾಡುತ್ತಾರೆ. ಇನ್ನೂರಕ್ಕೂ ಹೆಚ್ಚು ಹಾಡುಗಳಿವೆ, ಒಂದನ್ನು ಪೂರ್ತಿ ಹಾಡಲು ದಿನಗಟ್ಟಲೆ ಬೇಕು. ಭತ್ತದ ಕಣಜ ಕಾಯುವುದು 'ಬುಲುಲ್' ಎಂಬ ಮರದ ಗೊಂಬೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಯಾಕೆ ಕೇಳುವುದಿಲ್ಲವೋ ನನಗೆ ಗೊತ್ತಿಲ್ಲ. ಈ ಗದ್ದೆಗಳ ಅನ್ನವನ್ನೇ ಅವರು ಉಣ್ಣುತ್ತಾರಾ?

ಎಲ್ಲರೂ, ಎಲ್ಲ ಹೊತ್ತೂ ಅಲ್ಲ. ಹಿಂದೆಯೂ ಇರಲಿಲ್ಲ. ಅಲ್ಲಿಯ ನಾಡತಳಿಯ ಹೆಸರು 'ಟಿನಾವೊನ್', ಅಂದರೆ ವರ್ಷಕ್ಕೆ ಒಂದೇ ಬೆಳೆ. ಬೆಟ್ಟದ ಚಳಿಯಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ಭತ್ತದ ಗದ್ದೆ ಜಾಸ್ತಿ ಇದ್ದವರೇ ಊರಿನ ದೊಡ್ಡವರು, ಅವರನ್ನು 'ಕಡಂಗ್ಯಾನ್' ಅನ್ನುತ್ತಿದ್ದರು. ದೊಡ್ಡ ಊಟ ಹಾಕಿಸುವುದು, ಒಂದೇ ಮರದಿಂದ ಕೆತ್ತಿದ 'ಹಗಬಿ' ಎಂಬ ಭಾರಿ ಬೆಂಚನ್ನು ಮನೆಯ ಕೆಳಗೆ ಇಡಿಸುವುದು ಅವರ ದೊಡ್ಡಸ್ತಿಕೆ. ಬಡವರ ಹೊಟ್ಟೆ ತುಂಬಿಸಿದ್ದು ಗೆಣಸು. ತಮಾಷೆ ನೋಡಿ, ಗೆಣಸು ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಫಿಲಿಪೈನ್ಸ್‌ಗೆ ತಂದದ್ದು ಇದೇ ಸ್ಪೇನಿನವರು.

ಇವತ್ತು ತುಂಬಾ ಮನೆಗಳಲ್ಲಿ ದಿನದ ಊಟಕ್ಕೆ ಬಯಲಿನಿಂದ ಬಂದ ಅಂಗಡಿ ಅಕ್ಕಿ. ನಮ್ಮ ರೈತರು 'ಐಆರ್ 64' ಅಂತ ಕರೆಯುವ ತಳಿ ಹುಟ್ಟಿದ್ದು ಫಿಲಿಪೈನ್ಸ್‌ನಲ್ಲೇ, ಲುಝಾನ್ ಬಯಲಿನ ಲೊಸ್ ಬಾನ್ಯೊಸ್‌ನ ಸಂಶೋಧನಾ ಸಂಸ್ಥೆಯಲ್ಲಿ. ಆ ಬಗೆಯ ಬೇಗ ಬರುವ, ಹೆಚ್ಚು ಇಳುವರಿಯ ಭತ್ತದ ಮುಂದೆ ವರ್ಷಕ್ಕೊಮ್ಮೆ ಬರುವ ಟಿನಾವೊನ್ ಹೇಗೆ ನಿಂತೀತು? ಹುಡುಗರು ಬಾಗಿಯೊಗೆ, ಮನಿಲಾಗೆ, ವಿದೇಶಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದವರು ಮರ ಕೆತ್ತುತ್ತಾರೆ, ಪ್ರವಾಸಿಗರಿಗೆ ದಾರಿ ತೋರಿಸುತ್ತಾರೆ. ಪಕ್ಕದ ಬೆಂಗೆಟ್‌ನವರು ಕೋಸು, ಕ್ಯಾರೆಟ್, ಆಲೂಗಡ್ಡೆ, ಸ್ಟ್ರಾಬೆರಿ ಬೆಳೆದು ಮನಿಲಾಗೆ ಕಳಿಸಿ ಕೈಯಲ್ಲಿ ಕಾಸು ಕಾಣುತ್ತಾರೆ. ಕಡಿದಾದ ಗದ್ದೆಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಗೋಡೆ ಕುಸಿದರೆ ಎತ್ತಲು ಆಳು ಬೇಕು.

ಇದರ ಮೇಲೆ ಬಸವನಹುಳು. 1980ರ ದಶಕದಲ್ಲಿ ದಕ್ಷಿಣ ಅಮೆರಿಕದ ಒಂದು ಬಗೆಯ ಬಸವನಹುಳುವನ್ನು ತಿನ್ನಲು ಒಳ್ಳೆಯದು ಅಂತ ಫಿಲಿಪೈನ್ಸ್‌ಗೆ ತಂದರು. ತಿಂದವರು ಕಡಿಮೆ. ಅದು ಗದ್ದೆಗೆ ಇಳಿದು ಎಳೆ ಸಸಿಯನ್ನೇ ತಿನ್ನತೊಡಗಿತು, ಬೆಟ್ಟವನ್ನೂ ಹತ್ತಿತು. ನಾಟಿಯ ಹೊತ್ತಿಗೆ ನೀರು ಇಳಿಸಿ, ಹುಳುವನ್ನು ಕೈಯಿಂದ ಆರಿಸಿ ಹಾಕುವುದು ಈಗ ಗದ್ದೆ ಕೆಲಸದಲ್ಲಿ ಒಂದು.

ಬೆಟ್ಟದ ಬಂಡೆಗೆ ನೇತುಹಾಕಿದ ಶವಪೆಟ್ಟಿಗೆಗಳ ಬಗ್ಗೆಯೂ ಕೆಲವರು ಕೇಳಿದ್ದೀರಿ. ಅದು ಸಗಾಡಾ. ಇಫುಗಾವೊ ಅಲ್ಲ, ಮೌಂಟೇನ್ ಪ್ರಾವಿನ್ಸ್. ದಯವಿಟ್ಟು ಎರಡನ್ನೂ ಕಲಸಬೇಡಿ. ಅದಕ್ಕೆ ಬೇರೆಯಾಗಿ ಬರೆಯುತ್ತೇನೆ.