ಹಾಳಾದದ್ದು ಕೀಯಾ, ಕನ್ನಡವಾ?

"ಅಣ್ಣಾ, ನನ್ನ ಕನ್ನಡ ಹಾಳಾಗಿದೆ. ಬೇರೆ ಕನ್ನಡ ಹಾಕಿಕೊಡಿ."

ಮಳೆಗಾಲ ಶುರುವಾದರೆ ಕಾಸರಗೋಡಿನ ನನ್ನ ರಿಪೇರಿ ಅಂಗಡಿಯಲ್ಲಿ ಈ ಮಾತು ಆಗಾಗ ಕೇಳುತ್ತದೆ. ಕಡಲ ಗಾಳಿ, ತೇವ, ಅದರ ಮೇಲೆ ಚೆಲ್ಲಿದ ಚಾ. ಕೀಬೋರ್ಡ್ ಸಾಯಲು ಇನ್ನೇನು ಬೇಕು? ಆದರೆ ಯಾರೂ ಕೀಬೋರ್ಡ್ ಹಾಳಾಗಿದೆ ಎಂದು ಬರುವುದಿಲ್ಲ. ಎಲ್ಲರದೂ ಕನ್ನಡವೇ ಹಾಳಾಗಿರುತ್ತದೆ.

ಈ ಸಲ ಬಂದದ್ದು ವಿದ್ಯಾನಗರದ ಕಡೆ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ. ಅರ್ಜಿ, ಮದುವೆ ಕಾಗದ, ನೇಮದ ಆಮಂತ್ರಣ, ಎಲ್ಲ ಅವರೇ ಟೈಪ್ ಮಾಡುತ್ತಾರೆ. ಉಬುಂಟು ಎಂಬ ಲಿನಕ್ಸ್ ಸಿಸ್ಟಮ್ ಹಾಕಿದ ಹಳೆಯ ಲ್ಯಾಪ್‌ಟಾಪ್. ಯಾವ ಕೀಗೆ ಯಾವ ಅಕ್ಷರ ಎನ್ನುವ ವಿನ್ಯಾಸ ಕನ್ನಡಕ್ಕೆ ಕಗಪ, ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್, ಜೊತೆಗೆ ಇಂಗ್ಲಿಷ್. ನಮ್ಮ ಊರಲ್ಲಿ ಮೂರೂ ಬೇಕಲ್ವಾ. ಪರದೆ ನೋಡಿದರೆ 'ಅರ್ಜಿ' ಇದ್ದಲ್ಲಿ 'ಅರಜಿ', 'ತಮ್ಮ' ಇದ್ದಲ್ಲಿ 'ತಮಮ'. ಒಂದೇ ಒಂದು ಒತ್ತಕ್ಷರ ಇಲ್ಲ.

ಅವರ ಪರಿಚಯದ ಹುಡುಗನೊಬ್ಬ ಆಗಲೇ ಕೈ ಹಾಕಿದ್ದ. ಕನ್ನಡವನ್ನು ಎರಡು ಸಲ ತೆಗೆದು ಹಾಕಿದ್ದ. ಹೊಸ ಫಾಂಟ್ ಹಾಕಿದ್ದ. ಎಲ್ಲಿಂದಲೋ ಹುಡುಕಿ ಎಕ್ಸ್‌ಮಾಡ್‌ಮ್ಯಾಪ್ ಎಂಬ ಕೀ ಬದಲಿಸುವ ಆಜ್ಞೆಯ ಒಂದು ಸಾಲು ಅಂಟಿಸಿದ್ದ. ಕೊನೆಗೆ ಕನ್ನಡ ವಿನ್ಯಾಸದ ಫೈಲನ್ನೇ ತೆರೆದು ಒತ್ತಕ್ಷರ ಕೂಡಿಸುವ ಹಲಂತವನ್ನು ಬೇರೆ ಕೀಗೆ ಸಾಗಿಸಿದ್ದ. ಆ ಫೈಲ್ ಸಿಸ್ಟಮ್ಮಿಗೆ ಸೇರಿದ್ದು. ಮುಂದಿನ ಅಪ್‌ಡೇಟ್ ಬಂದು ಎಲ್ಲ ಮೊದಲಿನಂತಾಯಿತು.

"ಮಲಯಾಳ ಸರಿ ಬರ್ತದಾ ಅಕ್ಕ?" ಅಂದೆ.

"ಅದರಲ್ಲಿ ಇಕಾರ ಬರುದಿಲ್ಲ. ಅದು ಬೇರೆ ತೊಂದರೆ, ಮತ್ತೆ ನೋಡುವ."

"ಇಂಗ್ಲಿಷ್?"

"ಇಂಗ್ಲಿಷಿಗೆ ಎಂತ ಆಗ್ಲಿಲ್ಲ. ಎಫ್ ಮಾತ್ರ ಗಟ್ಟಿ ಒತ್ತಬೇಕು."

ನಗಬಾರದಿತ್ತು, ನಕ್ಕೆ. ಕಗಪದಲ್ಲಿ ಹಲಂತ ಇರುವುದು ಎಫ್ ಕೀಯಲ್ಲಿ. ಮಲಯಾಳ ಇನ್‌ಸ್ಕ್ರಿಪ್ಟಿನಲ್ಲಿ ಇಕಾರದ ಚಿಹ್ನೆ ಇರುವುದೂ ಅದೇ ಎಫ್ ಕೀಯಲ್ಲಿ. ಮೂರು ಭಾಷೆಗೆ ಮೂರು ಕಾಯಿಲೆ, ಸತ್ತದ್ದು ಒಂದೇ ಕೀ.

ಇದನ್ನು ನಾನು ಬಹಳ ಜನರಿಗೆ ಹೇಳಿ ಸೋತಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ. ನೀವು ಕೀ ಒತ್ತಿದಾಗ ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ. ನಂಬರ್ ಕಳಿಸುತ್ತದೆ. ಆ ನಂಬರ್ ಮೂರು ಕೈ ದಾಟಬೇಕು. ಮೊದಲನೆಯ ಕೈ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು. ಅದಕ್ಕೆ ಎಫ್ ಕೀ ಅಂದರೆ 33, ಅಷ್ಟೇ. ಕನ್ನಡ, ಮಲಯಾಳ ಬಿಡಿ, ಇಂಗ್ಲಿಷ್ ಕೂಡ ಅದಕ್ಕೆ ಗೊತ್ತಿಲ್ಲ. ಎರಡನೆಯ ಕೈ ಎಕ್ಸ್‌ಕೆಬಿ, ಅಂದರೆ ಸೆಟಿಂಗ್ಸ್‌ನಲ್ಲಿ ನೀವು ಆರಿಸುವ ವಿನ್ಯಾಸ. ಕಗಪ ಇದ್ದರೆ ಅದು 33ನ್ನು ಹಲಂತ ಮಾಡುತ್ತದೆ, ಮಲಯಾಳ ಇದ್ದರೆ ಇಕಾರ, ಇಂಗ್ಲಿಷ್ ಇದ್ದರೆ ಎಫ್. ಮೂರನೆಯ ಕೈ ಐಬಸ್ ತರಹದ್ದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರಿಗೆ ಅಕ್ಷರ ಕೂಡಿಸಿ ಕೊಡುವುದು ಇದೇ. ಎರಡನೆಯ ಕೈಯಲ್ಲೇ ಕೆಲಸ ಮುಗಿದರೆ ಇದರ ಅಗತ್ಯವೇ ಬೀಳುವುದಿಲ್ಲ.

ಈಗ ಹೇಳಿ, 33 ಹೊರಡುವುದೇ ಇಲ್ಲ ಅಂದರೆ ಎರಡನೆಯ ಕೈಯಲ್ಲಿ ಎಷ್ಟು ತಿದ್ದಿದರೆ ಏನು ಬಂತು? ಆ ಹುಡುಗ ಕನ್ನಡದ ಫೈಲನ್ನು ಸರಿಯಾಗಿಯೇ ತಿದ್ದಿದ್ದ ಅಂತಿಟ್ಟುಕೊಳ್ಳಿ. ಆಗಲೂ ಮಲಯಾಳದ ಇಕಾರ ಬರುತ್ತಿರಲಿಲ್ಲ, ಇಂಗ್ಲಿಷಿನ ಎಫ್ ಬರುತ್ತಿರಲಿಲ್ಲ. ಮೊದಲನೆಯ ಕೈಯಲ್ಲೇ ಕ್ಯಾಪ್ಸ್‌ಲಾಕ್‌ನ 58ನ್ನು 33 ಅಂತ ಮಾಡಿಬಿಟ್ಟರೆ ಮೂರೂ ಭಾಷೆ ಒಟ್ಟಿಗೆ ಸರಿಯಾಗುತ್ತದೆ.

ನಾನು ಮಾಡಿದ್ದೂ ಅದನ್ನೇ. ಮೊದಲು, ಒತ್ತಿದ ಕೀಯ ನಂಬರ್ ತೋರಿಸುವ ಎವ್‌ಟೆಸ್ಟ್ ಓಡಿಸಿ ನೋಡಿದೆ. ಬೇರೆ ಕೀ ಒತ್ತಿದರೆ ನಂಬರ್ ಬರುತ್ತದೆ, ಎಫ್ ಹತ್ತು ಸಲ ಒತ್ತಿದರೆ ಒಂದೆರಡು ಸಲ. ಆಮೇಲೆ ಒಂದು ಕೀಯನ್ನು ಇನ್ನೊಂದಾಗಿ ಮಾಡುವ ಕೀಡಿ ಎಂಬ ತಂತ್ರಾಂಶ ಹಾಕಿದೆ. ಅದರ ಫೈಲಿನಲ್ಲಿ ಬರೆಯಬೇಕಾದ್ದು ಒಂದು ಸಾಲು: ಕ್ಯಾಪ್ಸ್‌ಲಾಕ್ ಸಮ ಎಫ್. ಅಕ್ಕ ಕ್ಯಾಪ್ಸ್‌ಲಾಕ್ ಒತ್ತಿ 'ಅಕ್ಕ' ಎಂದು ಟೈಪ್ ಮಾಡಿ ನೋಡಿದರು. ಬಂತು.

ಮರುದಿನ ಫೋನ್. "ಹೊರಗಿನ ಕೀಬೋರ್ಡಿನ ಕ್ಯಾಪ್ಸ್‌ಲಾಕೂ ಎಫ್ ಆಗಿ ಕೂತಿದೆ ಮಾರಾಯ್ರೆ!" ತಪ್ಪು ನನ್ನದೇ. ಯಾವ ಕೀಬೋರ್ಡಿಗೆ ಎಂದು ಹೇಳುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ದೆ, ಅಂದರೆ ಎಲ್ಲದಕ್ಕೂ. ಲ್ಯಾಪ್‌ಟಾಪಿನ ಕೀಬೋರ್ಡಿನ ಐಡಿ ಮಾತ್ರ ಬರೆದ ಮೇಲೆ ಸರಿಹೋಯಿತು. ಈ ಬೇರ್ಪಡಿಸುವ ಸೌಲಭ್ಯಕ್ಕಾಗಿಯೇ ನಾನು ಕೀಡಿಯನ್ನು ಮೆಚ್ಚುವುದು. ಸೆಟಿಂಗ್ಸ್‌ನಲ್ಲಿ ಬದಲಾಯಿಸಿದರೆ ಎಲ್ಲ ಕೀಬೋರ್ಡಿಗೂ ತಗಲುತ್ತದೆ.

ಫೈಲ್ ಬರೆಯಲು ಹೆದರುವವರಿಗೆ ಇನ್‌ಪುಟ್ ರೀಮ್ಯಾಪರ್ ಇದೆ. ಅದಕ್ಕೆ ಕಿಟಕಿ ಉಂಟು, ಕೀ ಒತ್ತಿ ತೋರಿಸಿದರೆ ಸಾಕು. ಒಂದೆರಡು ಕೀಗೆ ಅದು ಧಾರಾಳ. ಇದೇ ಕೆಲಸದ ಕನಾಟ ಮತ್ತು ಕೆಮೊನಾಡ್ ಬಲು ಚುರುಕಿನವು. ಒಂದೇ ಕೀಯನ್ನು ಮುಟ್ಟಿದರೆ ಒಂದು, ಹಿಡಿದರೆ ಇನ್ನೊಂದು, ಹೀಗೆಲ್ಲ ಪದರ ಪದರವಾಗಿ ಆಟ ಕಟ್ಟಬಹುದು. ಅದರಲ್ಲಿ ಒಂದಷ್ಟು ಕೀಡಿಯಲ್ಲೂ ಆಗುತ್ತದೆ. ದಿನವಿಡೀ ಪ್ರೋಗ್ರಾಂ ಬರೆಯುವವರಿಗೆ ಇಷ್ಟವಾದೀತು. ಎಫ್ ಕೀ ಸತ್ತವರಿಗೆ ಅವುಗಳ ಫೈಲಿಗೆ ಬೇಕಾಗುವ ಅಷ್ಟು ಆವರಣ ಚಿಹ್ನೆ ಬರೆಸುವುದು ಸುಮ್ನೆ ಶಿಕ್ಷೆ.

ಎಕ್ಸ್‌ಮಾಡ್‌ಮ್ಯಾಪ್ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ಅದು ಪರದೆ, ಕೀಬೋರ್ಡ್ ನೋಡಿಕೊಳ್ಳುತ್ತಿದ್ದ ಹಳೆಯ ಎಕ್ಸ್ ಕಾಲದ್ದು. ಉಬುಂಟು 21.04ರಿಂದ ಸಾಮಾನ್ಯವಾಗಿ ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಮೇಲೆ ಏಳುತ್ತದೆ, ಅಲ್ಲಿ ವೇಲ್ಯಾಂಡಿನದೇ ಆದ ಅಪ್ಲಿಕೇಶನ್‌ಗಳಿಗೆ ಎಕ್ಸ್‌ಮಾಡ್‌ಮ್ಯಾಪ್ ಮಾತು ಕೇಳಿಸುವುದೇ ಇಲ್ಲ. ಹಳೆಯ ಎಕ್ಸ್‌ನಲ್ಲಿಯೂ ವಿನ್ಯಾಸ ಬದಲಾಯಿಸಿದರೆ ಅಥವಾ ಕೀಬೋರ್ಡ್ ಕಿತ್ತು ಚುಚ್ಚಿದರೆ ಮರೆತುಬಿಡುತ್ತಿತ್ತು. ಇಷ್ಟಾದರೂ ಹುಡುಕಿದವರಿಗೆ ಮೊದಲು ಸಿಗುವುದು ಅದೇ.

ಉಲ್ಟಾ ಕೇಸೂ ಬರುತ್ತದೆ. ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರೊಬ್ಬರು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದರು. 'ಸಾಫ್ಟ್‌ವೇರ್' ಎಂದು ಬರೆದರೆ 'ಸಾಫ್ಟ್ವೇರ್' ಎಂದು ಅಂಟಿಕೊಳ್ಳುತ್ತಿತ್ತು. ಲಿನಕ್ಸ್ ಅವರಿಗೆ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಸರ್ಕಾರದ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ ಅದೇ, ಈಗ ಅದರ ಮುಂದುವರಿಕೆಯಾದ ಕೈಟ್‌ನದ್ದು. ಅವರು ಇನ್‌ಪುಟ್ ರೀಮ್ಯಾಪರ್ ಹಾಕಿ, ಮಧ್ಯೆ ಬಿಡಿಸುವ ಆ ಕಾಣದ ಚಿಹ್ನೆಯನ್ನು ಒಂದು ಕೀಗೆ ಕೂರಿಸಲು ಎರಡು ರಾತ್ರಿ ಹೆಣಗಿದ್ದರು.

"ಮಾಷ್ಟ್ರೇ, ಅದು ನಿಮ್ಮ ಪರವಾಗಿ ಇನ್ನೊಂದು ಕೀ ಒತ್ತಬಲ್ಲದು. ಆ ಚಿಹ್ನೆಗೆ ನಿಮ್ಮ ವಿನ್ಯಾಸದಲ್ಲಿ ಕೀಯೇ ಇಲ್ಲದಿದ್ದರೆ ಯಾವುದನ್ನು ಒತ್ತೀತು?"

ಅಕ್ಷರ ಬೇಕು ಎಂದಾದರೆ ಎರಡನೆಯ ಕೈಗೆ ಹೋಗಬೇಕು. ಎಕ್ಸ್‌ಕೆಬಿಯಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇದೆ, ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಆ ಚಿಹ್ನೆ ಬರುತ್ತದೆ. ಜಿನೋಮ್ ಟ್ವೀಕ್ಸ್‌ನಲ್ಲಿ ಕೀಬೋರ್ಡಿನ ಹೆಚ್ಚುವರಿ ಆಯ್ಕೆಗಳ ಒಳಗೆ ಹೋಗಿ ಒಂದು ಟಿಕ್ ಹಾಕಿದೆ. ಎರಡು ನಿಮಿಷದ ಕೆಲಸ. ದುಡ್ಡು ತೆಗೆದುಕೊಳ್ಳಲು ನನಗೇ ನಾಚಿಕೆಯಾಯಿತು. ಮಾಷ್ಟ್ರು ಮುಂದಿನ ಸಲ ಬರುವಾಗ ಹಲಸಿನ ಹಪ್ಪಳ ತಂದರು.

ಎಚ್ಚರಿಕೆಯ ಮಾತು ಹೇಳದಿದ್ದರೆ ಆಗದು. ಕೀಡಿ ಥರದವು ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಸಿಸ್ಟಮ್ಮಿನ ಒಡೆಯನ ಹಾಗೆ, ಓಡುತ್ತವೆ. ನೀವು ಒತ್ತುವ ಪ್ರತಿಯೊಂದು ಕೀ, ಬ್ಯಾಂಕಿನ ಪಾಸ್‌ವರ್ಡ್ ಸಮೇತ, ಅದರ ಕೈ ದಾಟಿಯೇ ಹೋಗಬೇಕು. ಹಾಗಾಗಿ ಕಂಡ ಕಂಡಲ್ಲಿಂದ ಇಳಿಸಬೇಡಿ. ಕಚೇರಿಯ ಮೆಷಿನ್ ಆದರೆ ಅಲ್ಲಿಯ ಜವಾಬ್ದಾರರನ್ನು ಕೇಳದೆ ಹಾಕಬೇಡಿ, ನಾನಂತೂ ಹಾಕಿಕೊಡುವುದಿಲ್ಲ. ಸಾಲು ತಪ್ಪಿ ಕೀಬೋರ್ಡೇ ಕೆಲಸ ಮಾಡದಂತಾದರೆ ಕೀಡಿಯನ್ನು ನಿಲ್ಲಿಸಲು ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಕನಾಟಕ್ಕಾದರೆ ಎಡಗಡೆಯ ಕಂಟ್ರೋಲ್, ಸ್ಪೇಸ್, ಎಸ್ಕೇಪ್. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೈಲಿನಲ್ಲಿ ಬರೆದಿಟ್ಟರೆ ಆ ಹೊತ್ತಿಗೆ ತೆರೆಯಲು ಬರುವುದಿಲ್ಲ. ಮತ್ತೆ, ಚಾ ಚೆಲ್ಲಿ ಒಂದು ಕೀ ಹೋದದ್ದಾದರೆ ಪಕ್ಕದ್ದೂ ಹೋಗುವ ಸಾಧ್ಯತೆ ಇದೆ. ಕೀ ಬದಲಿಸುವುದು ಸದ್ಯಕ್ಕೆ ದಿನ ದೂಡುವ ದಾರಿ.

ಅಕ್ಕನದೂ ಹಾಗೇ ಆಯಿತು. ಓಣಂ ಕಳೆದ ಮೇಲೆ ಡಿ, ಜಿ ಎರಡೂ ಹೋದವು. ಹೊಸ ಕೀಬೋರ್ಡ್ ತರಿಸಿ ಕೂರಿಸಿ, ಕೀಡಿ ತೆಗೆದು, ಎಲ್ಲ ಸರಿಮಾಡಿ ಕೊಟ್ಟೆ. ಸಂಜೆಯೊಳಗೆ ಲ್ಯಾಪ್‌ಟಾಪ್ ಹಿಡಿದು ವಾಪಸ್ ಬಂದರು.

"ಒತ್ತು ಕೊಡಲು ಕಿರುಬೆರಳು ಕ್ಯಾಪ್ಸ್‌ಲಾಕಿಗೇ ಹೋಗ್ತದೆ ಅಣ್ಣಾ. ಮೊದಲಿನ ಹಾಗೆ ಮಾಡಿಕೊಡಿ."

ಮಾಡಿಕೊಟ್ಟೆ. ಈಗ ಅವರ ಲ್ಯಾಪ್‌ಟಾಪಿನಲ್ಲಿ ಎರಡು ಎಫ್ ಇವೆ, ಕ್ಯಾಪ್ಸ್‌ಲಾಕ್ ಇಲ್ಲ.