ದುಡ್ಡು ಬರೋಕೆ ಪಿನ್ ಯಾಕೆ?

ನಮ್ಮೂರ ಸಂತೆಯಲ್ಲಿ ಹೂ ಮಾರುವ ಅಜ್ಜಿಯೊಬ್ಬರಿದ್ದಾರೆ. ಅವರ ಬುಟ್ಟಿಯ ಅಂಚಿಗೆ ಬಾಳೆನಾರಿನಲ್ಲಿ ಕಟ್ಟಿದ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ. ಹೂವಿಗೆ ಚಿಮುಕಿಸಿದ ನೀರು ಒಳಗಿಳಿದು ಕಾಗದ ಉಬ್ಬಿದೆ. ಬಲಗಡೆಯ ಕೆಳಮೂಲೆ ಹರಿದಿದೆ. ನಟ್ಟನಡುವೆ ಕುಂಕುಮದ ಬೆರಳಚ್ಚು. ಹೋದ ವಾರ ನಾನು ಫೋನ್ ತೆಗೆದಾಗ ‘ಅದು ಹಾಳಾಗಿದೆ ಮಗಾ, ಬರಲ್ಲ ಅನ್ಸುತ್ತೆ’ ಅಂದರು. ಬಂತು! ಕಣ್ಣು ಮಿಟುಕಿಸುವಷ್ಟರಲ್ಲಿ ಅವರ ಮೊಮ್ಮಗನ ಹೆಸರು ಪರದೆಯ ಮೇಲೆ ಮೂಡಿತು.

ಇದನ್ನು ಎಷ್ಟು ಸಲ ನೋಡಿದರೂ ನನಗೆ ಖುಷಿ ಕಡಿಮೆ ಆಗಿಲ್ಲ. ಹರಿದ ಕಾಗದದಲ್ಲಿ ಇಲ್ಲದೇ ಇರುವುದನ್ನು ಫೋನ್ ಹೇಗೆ ಓದಿತು?

ಆದರೆ ಊರಿನಲ್ಲಿ ಈ ಚೌಕದ ಬಗ್ಗೆ ಕೇಳಿಬರುವ ಮಾತುಗಳೇ ಬೇರೆ. ‘ಕೋಡ್‌ನ ಫೋಟೊ ತೆಗೆದುಕೊಂಡರೆ ಖಾತೆ ಖಾಲಿಯಾಗುತ್ತೆ.’ ‘ಸ್ಕ್ಯಾನ್ ಮಾಡಿದ ಕೂಡಲೇ ದುಡ್ಡು ಎಳೆದುಕೊಳ್ಳುತ್ತೆ.’ ‘ಗೊತ್ತಿಲ್ಲದ ನಂಬರ್ ಎತ್ತಿದರೆ ಸಾಕು, ಎಲ್ಲ ಹೋಯ್ತು.’ 2025ರ ಜುಲೈನಲ್ಲಿ, ಫೋನಿನಲ್ಲಿ ಪಡೆದ ದುಡ್ಡಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ನೋಟಿಸ್‌ಗಳು ಬಂದಾಗ ರಾಜ್ಯದಲ್ಲಿ ಹಲವು ಸಣ್ಣ ಅಂಗಡಿಯವರು ಕೋಡ್ ಕಿತ್ತಿಟ್ಟರು. ಅದು ತೆರಿಗೆಯ ವಿಚಾರ, ಇರಲಿ. ನಾನು ಹೇಳುತ್ತಿರುವುದು ಬೇರೆ ಭಯ. ದೃಷ್ಟಿ ತಾಗುತ್ತದೆ ಅನ್ನುವ ಹಾಗೆ, ಆ ಕಪ್ಪು ಚುಕ್ಕೆಗಳಲ್ಲೇ ಏನೋ ಕೆಟ್ಟದ್ದು ಅಡಗಿದೆ ಅನ್ನುವ ಭಯ. ಇಂಥ ಭಯ ಯಾರನ್ನೂ ಬಚಾವ್ ಮಾಡುವುದಿಲ್ಲ. ಅಪಾಯ ಇಲ್ಲದ ಕಡೆ ಹೆದರಿ, ಇರುವ ಕಡೆ ಮೈಮರೆಯುತ್ತೇವೆ.

ಅಂಗಡಿ ಮುಂದಿನ ಆ ಚೌಕದಲ್ಲಿ ದುಡ್ಡಿಲ್ಲ, ಪಿನ್ ಇಲ್ಲ. ಇರುವುದು ದುಡ್ಡು ಎಲ್ಲಿಗೆ ಸೇರಬೇಕು ಅನ್ನುವ ಒಂದು ವಿಳಾಸ ಮತ್ತು ಹೆಸರು ಅಷ್ಟೇ. ಮನೆ ಗೇಟಿಗೆ ಹಾಕಿದ ನಾಮಫಲಕದ ಹಾಗೆ. ಫಲಕದ ಫೋಟೊ ತೆಗೆದವನು ನಿಮ್ಮ ಮನೆಗೆ ಕಾಗದ ಕಳಿಸಬಹುದು, ಬೀರು ತೆರೆಯಲು ಆಗುವುದಿಲ್ಲ.

ಈ ಕ್ಯೂಆರ್ ಕೋಡ್ ಹುಟ್ಟಿದ್ದು ಜಪಾನಿನಲ್ಲಿ, 1994ರಲ್ಲಿ. ಡೆನ್ಸೊ ಎಂಬ ಕಾರು ಬಿಡಿಭಾಗಗಳ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಇದನ್ನು ರೂಪಿಸಿದರು. ಸಾಬೂನಿನ ಪೊಟ್ಟಣದ ಮೇಲಿರುವಂಥ ಉದ್ದಗೆರೆಯ ಬಾರ್‌ಕೋಡ್‌ನಲ್ಲಿ ಸುಮಾರು 20 ಅಕ್ಷರಕ್ಕಿಂತ ಜಾಸ್ತಿ ಹಿಡಿಯುತ್ತಿರಲಿಲ್ಲ. ಒಂದೊಂದು ಪೆಟ್ಟಿಗೆಗೆ ಹಲವಾರು ಬಾರ್‌ಕೋಡ್ ಅಂಟಿಸಬೇಕಿತ್ತು, ಕೆಲಸಗಾರರು ದಿನವಿಡೀ ಸ್ಕ್ಯಾನ್ ಮಾಡಿ ಸುಸ್ತಾಗುತ್ತಿದ್ದರು. ಹಾರಾ ಅವರಿಗೆ ಗೋ ಆಟದ ಹುಚ್ಚು. ಚೌಕಮಣೆಯ ಮೇಲೆ ಕಪ್ಪು–ಬಿಳಿ ಕಾಯಿ ಇಡುವ ಆಟ ಅದು. ಆ ಮಣೆ ನೋಡುವಾಗ, ಗೆರೆಯ ಬದಲು ಚೌಕಗಳಲ್ಲಿ ಬರೆದರೆ ಹೇಗೆ ಅನ್ನಿಸಿತು. ಮೂರು ಮೂಲೆಗಳಲ್ಲಿ ಕಾಣುವ ದೊಡ್ಡ ಚೌಕಗಳು ಅಂದಕ್ಕಲ್ಲ. ‘ಕೋಡ್ ಇಲ್ಲಿದೆ, ಇಷ್ಟು ವಾರೆಯಾಗಿದೆ’ ಎಂದು ಕ್ಯಾಮೆರಾಗೆ ಹೇಳುವ ಗುರುತುಗಳು. ಅವುಗಳ ಕಪ್ಪು–ಬಿಳಿ ಪಟ್ಟಿಗಳ ಅಳತೆ 1:1:3:1:1. ಹಾರಾ ಅವರ ತಂಡ ಪತ್ರಿಕೆ, ಕರಪತ್ರ, ಪೆಟ್ಟಿಗೆ ಎಲ್ಲ ಜಾಲಾಡಿ, ಅಚ್ಚಿನಲ್ಲಿ ತೀರಾ ಅಪರೂಪಕ್ಕೆ ಕಾಣುವ ಅಳತೆ ಇದು ಎಂದು ಹುಡುಕಿ ಆರಿಸಿತು. ಅಜ್ಜಿಯ ಕೋಡ್‌ನಲ್ಲಿ ಹರಿದಿದ್ದು ನಾಲ್ಕನೆಯ ಮೂಲೆ, ಅಂದರೆ ಗುರುತಿಲ್ಲದ ಮೂಲೆ. ಅದೃಷ್ಟ!

ಸರಿ, ಹರಿದ ಜಾಗದಲ್ಲಿದ್ದ ಮಾತು ಎಲ್ಲಿಂದ ಬಂತು? ಅಡಿಕೆ ಸಸಿ ನೆಡುವುದನ್ನು ನೆನೆಸಿಕೊಳ್ಳಿ. ಹಗ್ಗ ಹಿಡಿದು ಸಾಲು ಮಾಡುತ್ತೇವೆ. ಸಾಲು ಯಾವ ಕಡೆ ಹೋಗುತ್ತದೆ ಅಂತ ಗೊತ್ತಾಗಲು ಎರಡು ಸಸಿ ಸಾಕು. ಆದರೂ ಅದೇ ಹಗ್ಗದ ಮೇಲೆ ಇನ್ನೂ ಎರಡು ನೆಟ್ಟಿದ್ದೀರಿ ಅನ್ನಿ. ರಾತ್ರಿ ದನ ನುಗ್ಗಿ ಒಂದನ್ನು ಪಕ್ಕಕ್ಕೆ ತಳ್ಳಿತು. ಬೆಳಗ್ಗೆ ಹೋಗಿ ನೋಡಿದರೆ ಮೂರು ಒಂದೇ ಸಾಲಿನಲ್ಲಿವೆ, ಒಂದು ಹೊರಗಿದೆ. ಯಾವುದು ತಪ್ಪಿದೆ, ಎಲ್ಲಿರಬೇಕಿತ್ತು, ಎರಡೂ ಗೊತ್ತಾಯಿತಲ್ವಾ? ಜಾಸ್ತಿ ನೆಟ್ಟ ಆ ಎರಡು ಸಸಿಗಳೇ ಇಲ್ಲಿನ ಕಾವಲು. ಕ್ಯೂಆರ್ ಕೋಡ್ ಕೂಡ ಹೇಳಬೇಕಾದ ಮಾತಿನ ಜೊತೆಗೆ ಇಂಥ ಹೆಚ್ಚಿನ ಚುಕ್ಕೆಗಳನ್ನು ಹೊತ್ತಿರುತ್ತದೆ. ನೇರ ಗೆರೆಯ ಬದಲು ಬಾಗಿದ ಗೆರೆ, ನಾಲ್ಕು ಚುಕ್ಕೆಯ ಬದಲು ಹತ್ತಾರು, ವ್ಯತ್ಯಾಸ ಅಷ್ಟೇ. ಅಂಗಳದ ಚುಕ್ಕಿ ರಂಗೋಲಿಯ ಒಂದು ಎಳೆಯನ್ನು ಯಾರೋ ತುಳಿದು ಅಳಿಸಿದರೂ, ಬಿಟ್ಟ ಜಾಗದಲ್ಲಿ ಯಾವ ಎಳೆ ಇತ್ತು ಅಂತ ಉಳಿದ ಎಳೆಗಳೇ ಹೇಳುತ್ತವೆ. ಬಸ್‌ಸ್ಟ್ಯಾಂಡ್ ಗದ್ದಲದಲ್ಲಿ ‘ಚಿತ್ರ... ರ್ಗ, ಚಿತ್ರ... ರ್ಗ’ ಅಂತ ಕೇಳಿದರೂ ನಮಗೆ ಚಿತ್ರದುರ್ಗವೇ. ನಡುವಿನ ಅಕ್ಷರ ನುಂಗಿಹೋದರೂ ಊರು ತಪ್ಪುವುದಿಲ್ಲ.

ಈ ಉಪಾಯವನ್ನು ಗಣಿತವಾಗಿ ಬರೆದವರು ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸೊಲೊಮನ್, 1960ರಲ್ಲಿ. ಗೀರು ಬಿದ್ದ ಸಿಡಿ ಹಾಡುತ್ತಿದ್ದದ್ದು ಇದರಿಂದಲೇ. ವಾಯೇಜರ್ ನೌಕೆ ಯುರೇನಸ್ ಗ್ರಹದ ಹತ್ತಿರದಿಂದ ಕಳಿಸಿದ ಚಿತ್ರಗಳು ಕೆಡದೆ ಉಳಿದಿದ್ದೂ ಇದರಿಂದಲೇ. ಕ್ಯೂಆರ್ ಕೋಡ್‌ನಲ್ಲಿ ಇದಕ್ಕೆ ನಾಲ್ಕು ಮಟ್ಟಗಳಿವೆ. ಕೆಳಗಿನ ಮಟ್ಟದಲ್ಲಿ ಸುಮಾರು ಶೇ 7ರಷ್ಟು, ಮೇಲಿನದರಲ್ಲಿ ಶೇ 30ರಷ್ಟು ಹಾನಿಯನ್ನು ಸರಿಮಾಡಿಕೊಳ್ಳಬಹುದು. ಸೂರ್ಯನ ಸುತ್ತ ಏಳನೆಯ ಗ್ರಹದ ಹತ್ತಿರ ದುಡಿದ ಗಣಿತ, ಇವತ್ತು ಮೊಳ ಸೇವಂತಿಗೆಯ ಲೆಕ್ಕದಲ್ಲಿ ದುಡಿಯುತ್ತಿದೆ.

ಇಷ್ಟು ಜಾಣ ಗಣಿತಕ್ಕೂ ಒಂದು ಕೆಲಸ ಆಗುವುದಿಲ್ಲ. ಅದು ಕಲೆಯನ್ನು ಸರಿಮಾಡುತ್ತದೆ, ಸುಳ್ಳನ್ನು ಹಿಡಿಯುವುದಿಲ್ಲ. ಕೋಡ್‌ನಲ್ಲಿ ಬರೆದ ವಿಳಾಸ ಯಾರದ್ದು ಅಂತ ಅದಕ್ಕೆ ಗೊತ್ತಿಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊ ಎಂಬ ಸಣ್ಣ ಪಟ್ಟಣದಲ್ಲಿ ಕಳ್ಳರು ರಾತ್ರಿ ಬಂದು ಕೆಲವು ಅಂಗಡಿಗಳ ಕೋಡ್ ಮೇಲೆ ತಮ್ಮ ಕೋಡ್ ಅಂಟಿಸಿ ಹೋದರು. ಗಿರಾಕಿಗಳು ಕೊಟ್ಟ ದುಡ್ಡು ಕಳ್ಳರ ಖಾತೆಗೆ ಹೋಯಿತು. ಆ ಹೊಸ ಚೀಟಿಗಳಲ್ಲಿ ಗಣಿತದ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ, ಪರದೆಯ ಮೇಲೆ ಬರುವ ಹೆಸರನ್ನು ಜೋರಾಗಿ ಓದಿ ಹೇಳಿ. ‘ಇದೇ ಹೆಸರಾ ಅಜ್ಜಿ?’ ಎರಡು ಸೆಕೆಂಡಿನ ಕೆಲಸ.

ಇನ್ನು ಪಿನ್. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. 30 ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ಹಳೆಯ ಬೀಟೆ ಮಂಚ ಮಾರಲು ಆನ್‌ಲೈನಿನಲ್ಲಿ ಹಾಕಿದ್ದರು. ಸೈನ್ಯದಲ್ಲಿದ್ದೇನೆ ಅಂತ ಒಬ್ಬ ಫೋನ್ ಮಾಡಿದ. ನೋಡದೆಯೇ ಒಪ್ಪಿದ. ‘ಮುಂಗಡ ಕಳಿಸ್ತೀನಿ ಸರ್, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ಬೀಳುತ್ತೆ.’ ಮೇಷ್ಟ್ರು ಹಾಕಿದರು. 4,500 ರೂಪಾಯಿ ಹೋಯಿತು. ‘ಅಯ್ಯೋ ಸರ್, ಉಲ್ಟಾ ಆಯ್ತು, ಇನ್ನೊಂದ್ಸಲ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ.’ ಇನ್ನೊಂದು 4,500 ಹೋಯಿತು.

ಬೀದಿಯವರೆಲ್ಲ ‘ಇಷ್ಟು ಓದಿದವರು ಹೀಗಾ?’ ಅಂದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೇಷ್ಟ್ರು ಇಡೀ ಬದುಕಿನಲ್ಲಿ ದುಡ್ಡು ಪಡೆದದ್ದು ಹೇಗೆ? ಈ ದೇಶದಲ್ಲಿ ಅಂಚೆ ಮನಿಯಾರ್ಡರ್ ಶುರುವಾಗಿದ್ದು 1880ರಲ್ಲಿ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ, ದುಡ್ಡು ಕೈಗೆ ಬರುವ ಮುಂಚೆ ಪೋಸ್ಟ್‌ಮ್ಯಾನ್ ತೋರಿಸಿದ ಕಡೆ ರುಜು ಹಾಕಬೇಕು, ಬಾರದವರು ಹೆಬ್ಬೆಟ್ಟು ಒತ್ತಬೇಕು. ಸಂಬಳದ ರಿಜಿಸ್ಟರಿನಲ್ಲಿ ರುಜು. ಕೂಲಿಯ ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟು. ಪಡೆಯುವವನು ಗುರುತು ಒತ್ತಬೇಕು ಅನ್ನುವುದು ನಮ್ಮ ಬೆರಳಿಗೇ ರೂಢಿಯಾಗಿದೆ. ಫೋನಿನಿಂದಲೇ ದುಡ್ಡು ಕಳಿಸುವ ಈ ಯುಪಿಐ ವ್ಯವಸ್ಥೆ ಬಂದಿದ್ದು 2016ರಲ್ಲಿ, ಮೊನ್ನೆ ಮೊನ್ನೆ. ಇದರಲ್ಲಿ ಲೆಕ್ಕ ತಿರುಗಿದೆ. ದುಡ್ಡು ಕೊಟ್ಟು ತೆಗೆದುಕೊಳ್ಳುವಾಗ ಪಿನ್ ಕೇಳುವುದು ನಿಮ್ಮ ಖಾತೆಯಿಂದ ಹೊರಗೆ ಹೋಗುವಾಗ ಮಾತ್ರ. ಒಳಗೆ ಬರುವ ದುಡ್ಡು ಸುಮ್ನೆ ಬಂದು ಬೀಳುತ್ತದೆ, ನಿಮ್ಮನ್ನು ಏನೂ ಕೇಳುವುದಿಲ್ಲ. ಹೂವಿನ ಅಜ್ಜಿ ನನ್ನಿಂದ ದುಡ್ಡು ಪಡೆಯುವಾಗ ಫೋನ್ ಮುಟ್ಟಲೇ ಇಲ್ಲ. ಕಳ್ಳ ಸಾಫ್ಟ್‌ವೇರ್ ಮುರಿದಿಲ್ಲ. ನಮ್ಮ ಹಳೆಯ ರೂಢಿಯನ್ನು ಬಳಸಿಕೊಂಡ.

ಅವನು ಕಳಿಸಿದ ಕೋಡ್‌ನಲ್ಲೂ ಮಾಯ ಇರಲಿಲ್ಲ. ಅವನ ವಿಳಾಸದ ಜೊತೆಗೆ ಮೊತ್ತವನ್ನೂ ಬರೆದಿಟ್ಟಿದ್ದ. ಪರದೆಯಲ್ಲಿ ‘ಪಾವತಿಸಿ’ ಎಂದೇ ಇತ್ತು. ಕಿವಿಯಲ್ಲಿ ಒಬ್ಬ ಒಂದೇ ಸಮನೆ ಮಾತಾಡುತ್ತಿರುವಾಗ ಕಣ್ಣಿಗೆ ಆ ಪದ ಎಲ್ಲಿ ಕಾಣುತ್ತದೆ? ಇದೇ ಬಗೆಯ ಇನ್ನೊಂದು ದಾರಿಯೂ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂದು ಕೋರಿಕೆ ಕಳಿಸುವ ಸೌಲಭ್ಯ. ಅದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿತು. ಒಳ್ಳೆಯ ಕೆಲಸ. ಕೋಡ್ ಕಳಿಸುವ ದಾರಿ ಮಾತ್ರ ತೆರೆದೇ ಇದೆ.

ಅಂಗಡಿಯವರಿಗೆ ಒಂದು ಮಾತು. ಗಿರಾಕಿ ತೋರಿಸುವ ಹಸಿರು ಟಿಕ್ ಮಾರ್ಕನ್ನು ನಂಬಬೇಡಿ, ಅಂಥ ಪರದೆಯನ್ನು ನಕಲಿ ಆಪ್ ಕೂಡ ತೋರಿಸುತ್ತದೆ. ದುಡ್ಡು ಬಂತೆಂದು ಕೂಗಿ ಹೇಳುವ ಆ ಪುಟ್ಟ ಡಬ್ಬಿಗೆ ಸುದ್ದಿ ಬರುವುದು ಗಿರಾಕಿಯ ಫೋನಿನಿಂದಲ್ಲ, ಸರ್ವರ್‌ನಿಂದ. ಅದು ಕೂಗದಿದ್ದರೆ ನಿಮ್ಮ ಖಾತೆಯನ್ನೇ ತೆರೆದು ನೋಡಿ.

ಮೇಷ್ಟ್ರು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ನಷ್ಟ ಗಟ್ಟಿಯಾಗಿದ್ದು ಅಲ್ಲಿ. ಕಳ್ಳನಿಗೆ ಸೇರಿದ ದುಡ್ಡು ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಖಾತೆಗಳಲ್ಲಿ ಒಂದರಿಂದ ಒಂದಕ್ಕೆ ಹಾರಿ, ಕೊನೆಗೆ ಎಲ್ಲೋ ನೋಟಾಗಿ ಹೊರಬೀಳುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ, ದೂರು ದುಡ್ಡು ಸೇರಿದ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿದ್ದನ್ನು ತಡೆಹಿಡಿಯಬಹುದು. ಮನಿಯಾರ್ಡರ್ ರುಜುವಿನ ಮಾತನ್ನು ನಾನು ಮೇಷ್ಟ್ರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ, ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರದಲ್ಲಿ 1930 ಎಂದು ಬರೆದರು.