ಕೆನಡಾ ಸ್ಟಡಿ ಪರ್ಮಿಟ್ ತಿರಸ್ಕಾರ: ಫೆಡರಲ್ ಕೋರ್ಟ್ ತೂಗುವುದು ಅಧಿಕಾರಿಯ ಟಿಪ್ಪಣಿಯನ್ನು

ಕೆನಡಾದಲ್ಲಿ ಓದಲು ವಿದೇಶಿಯರಿಗೆ ಬೇಕಾದ ಪರವಾನಗಿ, ಅಂದರೆ ಸ್ಟಡಿ ಪರ್ಮಿಟ್, ತಿರಸ್ಕಾರವಾದಾಗ ಬರುವ ಪತ್ರ ಬಹುತೇಕ ಅಚ್ಚು ಹಾಕಿದಂತಿರುತ್ತದೆ. ವ್ಯಾಸಂಗದ ಅವಧಿ ಮುಗಿದ ಮೇಲೆ ಅರ್ಜಿದಾರರು ದೇಶ ಬಿಟ್ಟು ಹೋಗುತ್ತಾರೆಂದು ಮನವರಿಕೆಯಾಗಿಲ್ಲ ಎಂಬ ಸಾಲು, ವಲಸೆ ನಿಯಮಾವಳಿಯ 216ನೇ ನಿಯಮದ ಉಲ್ಲೇಖ, ಅಷ್ಟೇ. ಅಧಿಕಾರಿ ಏನು ಯೋಚಿಸಿ ಬೇಡವೆಂದರು ಎಂಬುದು ವಲಸೆ ಇಲಾಖೆಯ ಜಿಸಿಎಂಎಸ್ ಎಂಬ ಕಂಪ್ಯೂಟರ್ ಕಡತ ವ್ಯವಸ್ಥೆಯಲ್ಲಿ ಅವರು ಬರೆದಿಟ್ಟ ನಾಲ್ಕಾರು ಸಾಲಿನ ಟಿಪ್ಪಣಿಯಲ್ಲಿರುತ್ತದೆ. ತಿರಸ್ಕಾರವನ್ನು ಪ್ರಶ್ನಿಸಿದಾಗ ಫೆಡರಲ್ ಕೋರ್ಟ್‌ನಲ್ಲಿ ವಾದ ನಡೆಯುವುದು ಬಹುಮಟ್ಟಿಗೆ ಆ ಟಿಪ್ಪಣಿಯ ಮೇಲೆ.

ಟಿಪ್ಪಣಿಗೆ ಈ ಬೆಲೆ ಬಂದದ್ದು 1999ರ ಬೇಕರ್ ತೀರ್ಪಿನಿಂದ. ಅದು ವಿದ್ಯಾರ್ಥಿಯ ಪ್ರಕರಣವಲ್ಲ. ಜಮೈಕಾದಿಂದ ಬಂದು ಮನೆಗೆಲಸ ಮಾಡಿಕೊಂಡಿದ್ದ, ಕೆನಡಾದಲ್ಲಿ ಹುಟ್ಟಿದ ನಾಲ್ಕು ಮಕ್ಕಳಿದ್ದ ತಾಯಿಯ ಗಡೀಪಾರಿನದು. ಮಹತ್ವದ ನಿರ್ಧಾರಕ್ಕೆ ಲಿಖಿತ ಕಾರಣ ಬೇಕು, ಅಧಿಕಾರಿಯ ಟಿಪ್ಪಣಿಯನ್ನೇ ಆ ಕಾರಣವೆಂದು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಟಿಪ್ಪಣಿಯಲ್ಲಿ ಪೂರ್ವಗ್ರಹ ಎದ್ದು ಕಾಣುತ್ತಿದ್ದುದರಿಂದ ನಿರ್ಧಾರವೂ ಬಿದ್ದುಹೋಯಿತು. ಯಾರಿಗೆ ಎಷ್ಟರ ಮಟ್ಟಿನ ಸಹಜ ನ್ಯಾಯ (ನಿರ್ಧಾರಕ್ಕೆ ಮೊದಲು ತನ್ನ ಮಾತು ಹೇಳುವ ಅವಕಾಶದಂಥದ್ದು) ಸಲ್ಲಬೇಕು ಎನ್ನಲು ಐದು ಅಳತೆಗೋಲುಗಳನ್ನೂ ಅದೇ ತೀರ್ಪು ಕೊಟ್ಟಿತು.

ಆ ಅಳತೆಯಲ್ಲಿ ವಿದ್ಯಾರ್ಥಿಗೆ ಸಿಗುವುದು ಕಡಿಮೆಯೇ. ವಿದೇಶಿಯರಿಗೆ ಕೆನಡಾ ಪ್ರವೇಶದ ಹಕ್ಕಿಲ್ಲ, ಮತ್ತೆ ಅರ್ಜಿ ಹಾಕುವ ದಾರಿ ತೆರೆದಿದೆ. ಹಾಗಾಗಿ ಸಂದರ್ಶನ ಮಾಡಬೇಕೆಂದಾಗಲಿ, ಅರ್ಜಿಯ ಕೊರತೆಯನ್ನು ಮೊದಲೇ ತಿಳಿಸಬೇಕೆಂದಾಗಲಿ ಅಧಿಕಾರಿಯ ಮೇಲೆ ಕಟ್ಟುಪಾಡಿಲ್ಲ. ಇಲ್ಲಿ ಒಂದು ಗೆರೆಯನ್ನು ಫೆಡರಲ್ ಕೋರ್ಟಿನ 2006ರ ಹಸ್ಸಾನಿ ತೀರ್ಪು ಸ್ಪಷ್ಟವಾಗಿ ಎಳೆಯಿತು. ಹಣದ ವಿಷಯವನ್ನೇ ತೆಗೆದುಕೊಳ್ಳಿ. ಕ್ವಿಬೆಕ್ ಪ್ರಾಂತ್ಯ ಬಿಟ್ಟು ಉಳಿದೆಡೆಗೆ ಒಬ್ಬರೇ ಹೋಗುವವರು ಶುಲ್ಕವಲ್ಲದೆ ಒಂದು ವರ್ಷದ ಖರ್ಚಿಗೆ 22,895 ಕೆನಡಿಯನ್ ಡಾಲರ್ ತೋರಿಸಬೇಕು (ಸೆಪ್ಟೆಂಬರ್ 2025ರಿಂದ). ಹಣ ಸಾಲದು ಎಂದು ತಿರಸ್ಕರಿಸಿದರೆ ಅದು ಅರ್ಜಿದಾರರ ಹೊಣೆ, ನೋಟಿಸ್ ಬೇಕಿಲ್ಲ. ಆದರೆ ಬ್ಯಾಂಕಿನ ಪತ್ರವೇ ಅಸಲಿಯೋ ಅಲ್ಲವೋ ಎಂಬ ಅನುಮಾನ ಬಂದರೆ, ತಿರಸ್ಕರಿಸುವ ಮೊದಲು ಅರ್ಜಿದಾರರಿಗೆ ತಿಳಿಸಿ ಉತ್ತರ ಕೇಳಬೇಕು. ಸುಳ್ಳು ಮಾಹಿತಿಯ ಆರೋಪವಿದ್ದಾಗ ಬರುವ ಪತ್ರ ಇದೇ ಜಾತಿಯದು. ಆರೋಪ ನಿಂತರೆ ಐದು ವರ್ಷ ಪ್ರವೇಶ ನಿಷೇಧ. ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿ ಕಾಣಲಿಲ್ಲ ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ: ಕೊಟ್ಟ ವಿಳಾಸಕ್ಕೆ ಕಳಿಸಿದ್ದು, ವಾಪಸ್ ಬಂದಿಲ್ಲದಿದ್ದರೆ ನಷ್ಟ ಅರ್ಜಿದಾರರದೇ.

ಹಾಗಿದ್ದೂ ಎಷ್ಟೋ ತಿರಸ್ಕಾರಗಳು ರದ್ದಾಗುವುದು ಸಹಜ ನ್ಯಾಯದ ಮಾತಿನಿಂದಲ್ಲ, ಕಾರಣ ಟೊಳ್ಳಾಗಿರುವುದರಿಂದ. ಇದರ ಬೇರು ಸುಪ್ರೀಂ ಕೋರ್ಟಿನ 2019ರ ಡಿಸೆಂಬರ್‌ನ ವಾವಿಲೋವ್ ತೀರ್ಪಿನಲ್ಲಿದೆ. ರಷ್ಯನ್ ಗೂಢಚಾರ ದಂಪತಿಗೆ ಟೊರಾಂಟೊದಲ್ಲಿ ಹುಟ್ಟಿದ ಮಗನ ಪೌರತ್ವದ ತಕರಾರು, ಕಾಲೇಜು ಸೇರಹೊರಟವರ ಕೈಗೆ ಅಸ್ತ್ರವಾದದ್ದು ಕಾನೂನಿನ ವಿಚಿತ್ರಗಳಲ್ಲೊಂದು. ಅಲ್ಲಿಯವರೆಗೆ ಕಾರಣ ತೆಳುವಾಗಿದ್ದರೆ ಕಡತ ನೋಡಿ ನ್ಯಾಯಾಧೀಶರೇ ತುಂಬಿಕೊಳ್ಳುವುದಿತ್ತು. ಅಧಿಕಾರಿ ಬರೆಯದ ಕಾರಣವನ್ನು ಕೋರ್ಟ್ ಹೆಣೆದು ಕೊಡಬಾರದು, ಬರೆದ ತರ್ಕವೇ ನಿರ್ಧಾರವನ್ನು ಹೊರಬೇಕು ಎಂದು ವಾವಿಲೋವ್ ಹೇಳಿತು.

ಅಷ್ಟರಲ್ಲಿ ಇಲಾಖೆ ಬೇರೆ ದಿಕ್ಕಿಗೆ ಹೊರಟಿತ್ತು. 2018ರಲ್ಲಿ ಚಿನೂಕ್ ಎಂಬ, ಎಕ್ಸೆಲ್ ಆಧರಿಸಿದ ಸಾಧನ ಬಂತು. ಹಲವು ಅರ್ಜಿಗಳು ಸಾಲುಸಾಲಾಗಿ ಒಂದೇ ಪರದೆಯ ಮೇಲೆ. ತಿರಸ್ಕಾರಕ್ಕೆ ಆರಿಸಿಕೊಳ್ಳಲು ಸಿದ್ಧ ವಾಕ್ಯಗಳು. ಅವಿವಾಹಿತರು, ಎಲ್ಲಿಗೆ ಬೇಕಾದರೂ ಹೋಗಬಲ್ಲವರು, ಅವಲಂಬಿತರಿಲ್ಲ ಎಂಬರ್ಥದ ಸಾಲು ಎಷ್ಟು ಟಿಪ್ಪಣಿಗಳಲ್ಲಿ ಕಾಣಿಸಿಕೊಂಡಿತೆಂದರೆ ವಕೀಲರಿಗೆ ಬಾಯಿಪಾಠವಾಗಿದೆ. ವಿದ್ಯಾರ್ಥಿಗಳೆಂದರೆ ಬಹುತೇಕ ಹಾಗೆಯೇ ಇರುತ್ತಾರೆ, ಅದೊಂದನ್ನೇ ಹಿಡಿದು ತಿರಸ್ಕರಿಸಲಾಗದು ಎಂದು ಫೆಡರಲ್ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಚಿನೂಕ್ ಬಳಸಿದ್ದೇ ಅನ್ಯಾಯ ಎಂಬ ವಾದವನ್ನು ಮಾತ್ರ ಕೋರ್ಟ್ ಒಪ್ಪಿಲ್ಲ. ಸಾಧನವನ್ನು ದೂರುತ್ತ ಪುಟ ತುಂಬಿಸುವುದಕ್ಕಿಂತ, ಟಿಪ್ಪಣಿಯ ಯಾವ ಮಾತಿಗೆ ಕಡತದ ಯಾವ ದಾಖಲೆ ಎದುರು ನಿಲ್ಲುತ್ತದೆ ಎಂದು ತೋರಿಸುವುದೇ ಲೇಸು.

ಕೋರ್ಟಿನ ಬಾಗಿಲು ಮೊದಲು ಇನ್ನೂ ಅಗಲವಾಗಿತ್ತು. ಹಳೆಯ ವಲಸೆ ಕಾಯ್ದೆಯಡಿ ವಿದೇಶದ ವೀಸಾ ಕಚೇರಿಗಳ ನಿರ್ಧಾರದ ವಿರುದ್ಧ ನೇರವಾಗಿ ಹೋಗಬಹುದಿತ್ತು; 2002ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 72ನೇ ಸೆಕ್ಷನ್ ಮೊದಲು ಕೋರ್ಟಿನ ಅನುಮತಿ ಪಡೆಯಬೇಕೆಂದಿತು. ಅನುಮತಿ ಸಿಗದಿದ್ದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಕೋರ್ಟಿಗೆ ಅರ್ಜಿ ಹಾಕಲು, ನಿರ್ಧಾರ ಕೆನಡಾದ ಹೊರಗಿನದಾದರೆ ತಿಳಿದ ದಿನದಿಂದ 60 ದಿನ, ಒಳಗಿನದಾದರೆ ಕೇವಲ 15 ದಿನ. ಕೋರ್ಟ್ ಶುಲ್ಕ 50 ಡಾಲರ್. ಮರುಪರಿಶೀಲಿಸಿ ಎಂದು ಇಲಾಖೆಗೆ ಬರೆದು ಕಾಯುತ್ತ ಕೂತರೆ ಈ ಗಡುವು ನಿಲ್ಲುವುದಿಲ್ಲ. ಎಷ್ಟೋ ಪ್ರಕರಣಗಳು ಕೆಡುವುದು ಇಲ್ಲೇ. ಟಿಪ್ಪಣಿ ಸಿಕ್ಕಿಲ್ಲವೆಂದು ನಿಲ್ಲಬೇಕಿಲ್ಲ: ಕಾರಣ ಸಿಕ್ಕಿಲ್ಲವೆಂದು ಅರ್ಜಿಯಲ್ಲಿ ನಮೂದಿಸಿದರೆ ವಲಸೆ ಪ್ರಕರಣಗಳಿಗೆ ಕೋರ್ಟಿನದೇ ಆದ ನಿಯಮಾವಳಿಯ 9ನೇ ನಿಯಮದಡಿ ಕೋರ್ಟೇ ತರಿಸುತ್ತದೆ. 2025ರ ಜುಲೈ ಕೊನೆಯಿಂದ ಇಲಾಖೆ ತಿರಸ್ಕಾರದ ಪತ್ರದ ಜೊತೆಗೇ ಟಿಪ್ಪಣಿ ಕೊಡತೊಡಗಿದೆ. ಹೊಸ ದಾಖಲೆ ಸೇರಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ಅಧಿಕಾರಿಯ ಮುಂದೆ ಇದ್ದದ್ದೇ ಕೋರ್ಟಿನ ಮುಂದೆಯೂ ಇರಬೇಕು. ವಲಸೆ ಸಲಹೆಗಾರರು ಇಲ್ಲಿ ವಾದಿಸುವಂತಿಲ್ಲ, ವಕೀಲರೇ ಬೇಕು ಅಥವಾ ಸ್ವತಃ ವಾದಿಸಬೇಕು.

2024ರ ಅಕ್ಟೋಬರ್ 1ರಿಂದ ಸ್ಟಡಿ ಪರ್ಮಿಟ್‌ಗೆಂದೇ ಸರಳ ಮಾರ್ಗವೊಂದು ಪ್ರಾಯೋಗಿಕವಾಗಿ ಶುರುವಾಯಿತು. ಅನುಮತಿಯನ್ನೂ ಮುಖ್ಯ ಪ್ರಶ್ನೆಯನ್ನೂ ಒಬ್ಬರೇ ನ್ಯಾಯಾಧೀಶರು, ವಿಚಾರಣೆಯಿಲ್ಲದೆ, ಕಾಗದಪತ್ರ ನೋಡಿ ಒಟ್ಟಿಗೆ ತೀರ್ಮಾನಿಸುತ್ತಾರೆ. ಸುಮಾರು ಐದು ತಿಂಗಳಲ್ಲಿ ಮುಗಿಸುವ ಗುರಿ. ಎರಡೂ ಕಡೆ ಒಪ್ಪಬೇಕು, ಸುಳ್ಳು ಮಾಹಿತಿಯ ಆರೋಪವಿರಬಾರದು, ಗಡುವು ಮೀರಿರಬಾರದು.

ಗೆದ್ದರೂ ಕೋರ್ಟ್ ವೀಸಾ ಕೊಡಿಸುವುದಿಲ್ಲ. ತಿರಸ್ಕಾರ ರದ್ದಾಗಿ ಕಡತ ಬೇರೊಬ್ಬ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಕಾಲೇಜಿನ ಪ್ರವೇಶಪತ್ರದಲ್ಲಿದ್ದ ಸೆಮಿಸ್ಟರ್ ಕಳೆದಿರುತ್ತದೆ, ಬ್ಯಾಂಕ್ ಲೆಕ್ಕ ಹಳತಾಗಿರುತ್ತದೆ. ಸರ್ಕಾರಿ ವಕೀಲರೇ ರಾಜಿಗೆ ಬಂದು, ಮರುಪರಿಶೀಲಿಸುತ್ತೇವೆ, ಅರ್ಜಿ ವಾಪಸ್ ಪಡೆಯಿರಿ ಎನ್ನುವುದೂ ಉಂಟು. ಒಪ್ಪುವಾಗ ಹೊಸ ದಾಖಲೆ ಸಲ್ಲಿಸಲು ಇಂತಿಷ್ಟು ದಿನ ಎಂಬುದನ್ನು ಬರಹದಲ್ಲೇ ಪಡೆದು, ಮುಂದಿನ ಸೆಮಿಸ್ಟರಿನ ಪ್ರವೇಶಪತ್ರವನ್ನು ಕಾಲೇಜಿನಿಂದ ತರಿಸಿಟ್ಟುಕೊಳ್ಳಬೇಕು. ಇಲ್ಲವಾದರೆ ಹೊಸ ಅಧಿಕಾರಿ ಅದೇ ಹಳೆಯ ಕಡತ ನೋಡಿ, ಈ ಸಲ ಕಾರಣವನ್ನು ಚೆನ್ನಾಗಿ ಬರೆದು, ಮತ್ತೆ ತಿರಸ್ಕರಿಸಬಹುದು.